ಫುಮಿಕೊಗೆ ಕೊಟ್ಟ ತೆಂಗಿನಕಾಯಿ

“ಸಮುದ್ರಕ್ಕ ಬಿಡು. ಯಾರ ಕೈಗೂ ಕೊಡಬ್ಯಾಡ. ಬಿಟ್ಟ ಮ್ಯಾಲೆ ಹೊಳ್ಳಿ ನೋಡಬ್ಯಾಡ.”

ರತ್ನವ್ವ ಮೂರನೆಯ ಸಲ ಹೇಳಿದಾಗ ಮಗ ರುದ್ರೇಶನಿಗೆ ನಗು ತಡೆಯಲಾಗಲಿಲ್ಲ. “ಕೊರಿಯರ್ ಮಾಡ್ಲೇನವ್ವ? ಟ್ರ್ಯಾಕಿಂಗ್ ನಂಬರ್ ಹಾಕಿ?”

“ನಗು, ನಗು. ಇದು ಬರೇ ದೃಷ್ಟಿ ಅಲ್ಲೋ ತಮ್ಮಾ, ಕೂಸಿಗೆ ಯಾರೋ ಮಾಡಿಸ್ಯಾರ. ನಾ ಇಳಿಸಿದ್ದೆಲ್ಲಾ ಈ ಕಾಯಾಗ ಐತಿ. ತಗೊಂಡವರಿಗೆ ಹತ್ತತೈತಿ.”

ಕಾಯಿಗೆ ಕರಿದಾರ ಸುತ್ತಿತ್ತು. ಮೂರೂ ಕಣ್ಣಿಗೆ ಗಟ್ಟಿಯಾಗಿ ಕಾಡಿಗೆ ಮೆತ್ತಿತ್ತು. ಎಂಟು ವರ್ಷದ ಪ್ರಾಚಿಗೆ ಒಂದೂವರೆ ತಿಂಗಳಿಂದ ಕೆಮ್ಮು. ಪ್ರತಿ ಉಸಿರಿನ ಕೊನೆಗೆ ಯಾರೋ ದೂರದಲ್ಲಿ ಸೀಟಿ ಊದಿದಂಥ ಸಣ್ಣ ಸದ್ದು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮೊಮ್ಮಗಳ ಹಾಸಿಗೆಯ ಪಕ್ಕ ಕೂತು ಆ ಸೀಟಿಯನ್ನು ಕೇಳಿಸಿಕೊಂಡವಳು ರತ್ನವ್ವ. ರುದ್ರೇಶನೋ, ಈ ಪರದೇಶದ ಲೋವರ್ ಹಟ್ ಪಟ್ಟಣದ ಪ್ರಯೋಗಾಲಯದಲ್ಲಿ ಕಡಲ ನೀರು ಪರೀಕ್ಷಿಸುವವನು. ದಡದ ಕಸದ ಬಗ್ಗೆ ನಲವತ್ತು ಪುಟದ ವರದಿ ಬರೆದಿದ್ದ. ಅಂಥವನ ಕೈಯಲ್ಲಿ ಈ ಕಾಯಿ!

ಆ ಶನಿವಾರ ಹೆಂಡತಿ ವಚನಾಳಿಗೆ ಡ್ಯೂಟಿಯಿತ್ತು. ಮಗಳಿಗೆ ಕಡಲ ಗಾಳಿಯಾದರೂ ಸಿಗಲಿ ಎಂದು ಅಪ್ಪರ್ ಹಟ್‌ನ ಮನೆಯಿಂದ ಹೊರಟು, ಬೆಟ್ಟ ದಾಟಿ, ಎರಡು ಗಂಟೆ ಕಾರು ಓಡಿಸಿ ಆ ಮೀನುಗಾರರ ಹಳ್ಳಿ ತಲುಪಿದ. ಇಪ್ಪತ್ತು ಮನೆಗಳ ಊರು. ತುಕ್ಕು ಹಿಡಿದ ಬುಲ್ಡೋಜರ್‌ಗಳು ದೋಣಿಗಳನ್ನು ದಡಕ್ಕೆ ಎಳೆಯುತ್ತಿದ್ದವು. ಡೀಸೆಲ್, ಉಪ್ಪು, ಕೊಳೆತ ಪಾಚಿ ಎಲ್ಲ ಸೇರಿದ ವಾಸನೆ ಮೂಗಿಗೆ ಅಡರುತ್ತಿತ್ತು. ನೀರಿನಂಚಿನ ತನಕ ಹೋಗಿಯೂ ಅವನಿಗೆ ಕಾಯಿ ಎಸೆಯಲಾಗಲಿಲ್ಲ. ಸುತ್ತ ಜನ ನೋಡುತ್ತಿದ್ದರು. ನಾಚಿಕೆಯಾಯಿತು, ಅಷ್ಟೇ.

ತನ್ನ ಗ್ಯಾರೇಜಿನಲ್ಲೇ ಚಹಾ ಮಾರುತ್ತಿದ್ದ ಮುದುಕಿ ಪ್ರಾಚಿಯ ಕೆಮ್ಮು ಕೇಳಿ ಒಳಗೆ ಕರೆದಳು. ಹೆಸರು ಫುಮಿಕೊ, ಜಪಾನಿನವಳು. ಮನೆಯ ಅಡಿಯಲ್ಲೇ ದೋಣಿ ಕಟ್ಟಿ ನಿಲ್ಲಿಸುವಂಥ ಕಡಲೂರಿನಲ್ಲಿ ಹುಟ್ಟಿ, ಇಲ್ಲಿನ ಮೀನುಗಾರನನ್ನು ಮದುವೆಯಾಗಿ, ಈಗ ಒಬ್ಬಳೇ ಇದ್ದಳು. ಪ್ರಾಚಿಗೆ ಬಿಸಿ ಶುಂಠಿ ನೀರು ಕುಡಿಸಿದಳು. ಕಾಗದದ ಮೀನು ಮಡಚಿ ಕೊಟ್ಟಳು. ದುಡ್ಡು ಬೇಡವೆಂದಳು.

ಬರಿಗೈಲಿ ಏಳುವುದು ಹೇಗೆ? ಕಾರಿನಲ್ಲಿದ್ದದ್ದು ಒಂದೇ ಒಂದು. ರುದ್ರೇಶ ಕಾರಿನ ಮರೆಯಲ್ಲಿ ನಿಂತು ಕರಿದಾರ ಬಿಚ್ಚಿದ. ಟಿಶ್ಯೂನಿಂದ ಕಾಡಿಗೆ ಒರೆಸಿದ. ನಂಬಿಕೆಯೇ ಇಲ್ಲದ ಮೇಲೆ ಬೆರಳನ್ನು ಪ್ಯಾಂಟಿಗೆ ಯಾಕೆ ಅಷ್ಟು ಸಲ ಉಜ್ಜಿಕೊಂಡನೋ!

“ನಮ್ಮ ಕಡೆ ಇದು ಶುಭ,” ಎಂದು ಇಂಗ್ಲಿಷಿನಲ್ಲಿ ಹೇಳಿ ಕೊಟ್ಟ. ಆಕೆ ಎರಡೂ ಕೈಯೊಡ್ಡಿ, ತಲೆಬಾಗಿಸಿ ತೆಗೆದುಕೊಂಡಳು. ವಿಳಾಸ, ಫೋನ್ ನಂಬರ್ ಬರೆಸಿಕೊಂಡಳು, ತನ್ನದನ್ನೂ ಕೊಟ್ಟಳು.

ವಾಪಸು ಬೆಟ್ಟದ ಮೊದಲ ತಿರುವಿನಲ್ಲೇ ಪ್ರಾಚಿಯ ಸೀಟಿ ನಿಂತಿತು. ಕಡಲ ಗಾಳಿ ಎಂದುಕೊಂಡ.

“ಬಿಟ್ಟೇನೋ?” ಬಾಗಿಲಲ್ಲೇ ರತ್ನವ್ವ ಕೇಳಿದಳು.

“ಬಿಟ್ಟೆ.”

“ಹೊಳ್ಳಿ ನೋಡ್ಲಿಲ್ಲ ಹೌದಿಲ್ಲೋ?”

“ಇಲ್ಲವ್ವ.”

ಹನ್ನೊಂದು ದಿನ ಕಳೆಯಿತು. ಮಗಳು ಟ್ರ್ಯಾಂಪೊಲೀನ್ ಮೇಲೆ ಕುಣಿದಾಗಲೆಲ್ಲ ಅವನಿಗೆ ಆ ಬಾಗಿದ ಬಿಳಿ ತಲೆ ನೆನಪಾಗುತ್ತಿತ್ತು. ಫೋನ್ ಮಾಡಿ ವಿಚಾರಿಸಬಹುದಿತ್ತು. ಕೇಳಿದರೆ ನಂಬಿದಂತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ನಿಜ ಬೇರೆಯಿತ್ತು. ಅವನಿಗೆ ಹೆದರಿಕೆ.

ಬುಧವಾರ ಮಧ್ಯಾಹ್ನ ಮೂರೂಕಾಲಿಗೆ ಆಫೀಸಿನಲ್ಲಿದ್ದಾಗ ಅವಳೇ ಫೋನ್ ಮಾಡಿದಳು.

“ಕಾಯಿ ತುಂಬ ಸಿಹಿಯಾಗಿತ್ತು,” ಎಂದಳು ಫುಮಿಕೊ. ಮಾತಿನ ನಡುವೆ ಕೆಮ್ಮು. ಕೆಮ್ಮಿನ ಕೊನೆಗೆ ಸೀಟಿ. ಅದೇ ಸೀಟಿ. “ಅವತ್ತಿನಿಂದ ಮೈ ಸರಿಯಿಲ್ಲ. ವಯಸ್ಸಾಯಿತಲ್ಲ. ನಮ್ಮಲ್ಲಿ ಉಡುಗೊರೆ ತೆಗೆದುಕೊಂಡರೆ ತಿರುಗಿ ಏನಾದರೂ ಕೊಡಲೇಬೇಕು. ಚಿಪ್ಪು ಎಸೆಯಲು ಮನಸ್ಸಾಗಲಿಲ್ಲ. ಉಜ್ಜಿ ಹೊಳಪು ಮಾಡಿ, ಅದರೊಳಗೇ ಹೂರಣದ ಉಂಡೆ ತುಂಬಿ, ನಿಮ್ಮ ಮಗಳ ಹೆಸರಿಗೆ ಕೊರಿಯರ್ ಮಾಡಿದ್ದೇನೆ. ಇವತ್ತು ತಲುಪಬೇಕು.”

ಆಕೆ ಮತ್ತೆ ಕೆಮ್ಮಿದಳು. ಸೀಟಿ ಏರಿತು. ಏರಿ, ಥಟ್ಟನೆ ನಿಂತಿತು.

“ಅರೆ,” ಎಂದಳು ಫುಮಿಕೊ. ಸ್ವರ ತಿಳಿಯಾಗಿತ್ತು. “ಈಗ ಎದೆ ಹಗುರಾಯಿತು.”

ರುದ್ರೇಶ ಕಾರಿನ ಕೀಲಿ ಎತ್ತಿಕೊಂಡು ಓಡಿದ.

ಮೂರೂಕಾಲು. ಪ್ರಾಚಿ ಶಾಲೆಯಿಂದ ಬಂದಿರುತ್ತಾಳೆ. ಕಾರು. ಹೆದ್ದಾರಿ. ಅವ್ವನ ಮೊಬೈಲಿಗೆ ಕರೆ. ಎತ್ತಲಿಲ್ಲ. ಮತ್ತೆ ಕರೆ. ಎತ್ತಲಿಲ್ಲ. ಕೆಂಪು ದೀಪ. ಕಿಟಕಿ ಮುಚ್ಚಿತ್ತು, ಆದರೂ ಕಾರಿನೊಳಗೆ ಪಾಚಿಯ ವಾಸನೆ. ಕಾಡಿಗೆ ಸುಟ್ಟ ವಾಸನೆ. ಬೆರಳ ತುದಿ ನೋಡಿಕೊಂಡ. ಕಪ್ಪು. ಹನ್ನೊಂದು ದಿನ ತೊಳೆದ ಬೆರಳು. ಕಪ್ಪು.

ಮನೆಯ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಪ್ರಾಚಿ ಬಿಕ್ಕುತ್ತಿದ್ದಳು. ಅವಳ ಎದೆಗೆ ಕಿವಿಯಿಟ್ಟ. ಉಸಿರು. ಬರೀ ಉಸಿರು. ಸೀಟಿಯಿಲ್ಲ.

“ಅಜ್ಜಿ ಏಟ್ ಆಲ್ ಆಫ್ ಇಟ್, ಪಪ್ಪಾ! ಇಟ್ ವಾಸ್ ಫಾರ್ ಮಿ!”

ಅವನಿಗೆ ಸಮಾಧಾನವಾಯಿತು. ಆದದ್ದು ನಿಜ. ಮರುಕ್ಷಣವೇ ಅಡುಗೆಮನೆಯಿಂದ ಸಣ್ಣಗೆ ಸೀಟಿ ಕೇಳಿಸಿತು.

ರತ್ನವ್ವ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಸಕ್ಕರೆ ಕಾಯಿಲೆಯವಳು, ಹಬ್ಬದ ಹೋಳಿಗೆಯನ್ನೂ ಮುಟ್ಟದವಳು. ತುಟಿಯಲ್ಲಿ ಹೂರಣ, ಮಡಿಲಲ್ಲಿ ಚಿಪ್ಪು. ಒಳಗೆ ಒಂದು ಚೂರೂ ಉಳಿದಿರಲಿಲ್ಲ.

“ಕೊರಿಯರ್ ಹುಡುಗ ಕೂಸಿನ ಹೆಸರ ಕೂಗಿದ. ನಾನ ಕೈಯೊಡ್ಡಿದೆ,” ಎಂದಳು, ಉಸಿರು ಎಳೆಯುತ್ತ. “ಬಿಚ್ಚಿದ ಮ್ಯಾಲೆ ಗೊತ್ತಾತು. ಕೂಸು ಬಾಯಿಗೆ ಹಾಕ್ಕೊಳ್ಳಾಕ ಬಂತು, ಎಲ್ಲಾ ನಾನ ತಿಂದುಬಿಟ್ಟೆ. ಒಂದು ಕಣ್ಣಾಗ ಕಾಡಿಗಿ ಉಳದೈತಿ ನೋಡು. ಸರ್ಯಾಗಿ ಒರಸಿಲ್ಲೋ ತಮ್ಮಾ ನೀ.”

“ಅವ್ವ, ನಾ ಸಮುದ್ರಕ್ಕ ಬಿಡಲಿಲ್ಲ. ಸುಳ್ಳ ಹೇಳಿದೆ.”

“ಹ್ಞೂಂ.”

“ಕೊಡವ್ವ. ನನಗ ಕೊಡು, ನಾ ತಗೋತೀನಿ.”

ಅವನು ಕೈ ಚಾಚಿದ. ರತ್ನವ್ವ ಚಿಪ್ಪನ್ನು ಎದೆಗವಚಿಕೊಂಡಳು.

“ಯಾರ ಕೈಗೂ ಕೊಡಬಾರದು ಅಂತ ನಾನ ಹೇಳೀನಲ್ಲೋ.”

ಅವಳು ಹಾಗೆನ್ನುವ ಮೊದಲೇ ಅವನ ಕೈ ಅರ್ಧದಲ್ಲಿ ನಿಂತುಬಿಟ್ಟಿತ್ತು. ಅದು ಅವನಿಗೆ ಗೊತ್ತಿತ್ತು. ಅವ್ವನೂ ನೋಡಿದ್ದಳು.