ಕನ್ನಡಕದವನ ಥಾಯ್ ಅನ್ನ

ಈರುಳ್ಳಿ ಹೆಚ್ಚುವಾಗ ಅವನ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಅವಳಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ವಿಮೆ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವವಳು ಅವಳು. ಸುಳ್ಳು ಹಿಡಿಯುವುದಕ್ಕೇ ಸಂಬಳ. ಅವನು ಅವಳ ಆಫೀಸಿನ ಕೆಳಗೆ ಕನ್ನಡಕದ ಅಂಗಡಿ ಇಟ್ಟವನು. ಮದುವೆಯಾಗೋಣವಾ ಎಂದು ಅವನು ಕೇಳಿ ವಾರವಾಗಿತ್ತು. ಮನೆಗೆ ಊಟಕ್ಕೆ ಬನ್ನಿ, ಆಮೇಲೆ ಹೇಳುತ್ತೇನೆ ಎಂದಿದ್ದಳು.

"ಹಾಗಾದ್ರೆ ಅಡುಗೆ ನಂದು. ಥಾಯ್ ಸ್ಟೈಲ್ ಅನ್ನ, ಅರ್ಧ ಗಂಟೆ ಸಾಕು" ಎಂದು ಚೀಲ ಹಿಡಿದೇ ಬಂದಿದ್ದ.

ಮುಚ್ಚಿದ ಪಾತ್ರೆಯಲ್ಲಿ ಅನ್ನ ತೆಂಗಿನ ಹಾಲಿನಲ್ಲಿ ಬೇಯುತ್ತಿತ್ತು. ಬಾಣಲೆಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ತರಕಾರಿ, ಸೋಯಾ ಸಾಸ್ ಒಂದರ ಹಿಂದೆ ಒಂದು ಬಿದ್ದವು. ಅಂಗೈ ಮೇಲೆ ಒಂದು ತೊಟ್ಟು ರಸ ಹಾಕಿಕೊಂಡು ರುಚಿ ನೋಡಿದ. ಇದು ಒಂಟಿ ಗಂಡಸಿನ ಕೈಯಲ್ಲ, ಸಂಸಾರ ಮಾಡಿದವನ ಕೈ ಎಂದುಕೊಂಡಳು ಅವಳು.

ಹಿಂದೆ ಒಬ್ಬ ಹೀಗೇ ಮದುವೆಯ ಮಾತಾಡಿ, ಹೆಂಡತಿ ಇರುವುದನ್ನೇ ಮುಚ್ಚಿಟ್ಟಿದ್ದ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ.

"ಯಾರು ಕಲಿಸಿದ್ದು?"

"ಹಸಿವು."

"ಈ ಉತ್ತರ ಮೊದಲೇ ರೆಡಿ ಮಾಡ್ಕೊಂಡು ಬಂದ್ರಾ?"

ಅವನು ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದ. ನೋಟ ತುಸು ಹೆಚ್ಚೇ ಹೊತ್ತು ನಿಂತಿತು. ಅವಳ ಕೆನ್ನೆ ಬಿಸಿಯಾಯಿತು. ಒಲೆಯ ಶಾಖ ಎಂದು ಸುಮ್ಮನಾದಳು.

"ಮೊದಲು ಯಾರಿಗೆ ಮಾಡಿ ಹಾಕ್ತಿದ್ರಿ? ನಿಜ ಹೇಳಿ."

"ಯಾರಿಗೂ ಇಲ್ಲ."

ಹಜಾರದಲ್ಲಿ ಅಪ್ಪನ ಜೊತೆ ಕೂತಿದ್ದ ಅವಳ ಅಜ್ಜಿ ಕೂಗಿದಳು: "ಏನೇ, ಊಟಕ್ಕೆ ಕರ್ದಿದ್ದೀಯೋ, ಠಾಣೆಗೆ ಕರೆಸಿದ್ದೀಯೋ?"

ತುಳಸಿಯಂಥ ಬೇಸಿಲ್ ಎಲೆಯ ಘಮ ಮನೆ ತುಂಬಿತು. ಅವನು ಅಜ್ಜಿಗೆ ಬಡಿಸಿದ, ಅಪ್ಪನಿಗೆ ಬಡಿಸಿದ, ಅವಳಿಗೆ ಬಡಿಸಿದ. ಆಮೇಲೆ ಸೌಟು ಪಾತ್ರೆಯ ತಳವನ್ನು ಕೆರೆಯಿತು. ಅವನ ತಟ್ಟೆಗೆ ಒಂದು ಅಗುಳೂ ಉಳಿದಿರಲಿಲ್ಲ.

"ಅಕ್ಕಿ ಎಷ್ಟು ಹಾಕಿದ್ರಿ?" ಎಂದಳು ಅವಳು.

"ಒಂದು ಲೋಟ." ಅವನ ಮುಖ ಕೆಂಪಾಗಿತ್ತು. "ದಿನಾ ಅರ್ಧ ಹಾಕ್ತೀನಿ. ಮನೆಯವರೆಲ್ಲ ಇದ್ದೀರಲ್ಲ ಅಂತ ಡಬಲ್ ಮಾಡಿದೆ. ಜಾಸ್ತಿ ಆಗಿ ದಂಡ ಆಗುತ್ತೇನೋ ಅಂತಾನೂ ಅನ್ನಿಸ್ತು."

ಅಪ್ಪ ಗೊಳ್ಳೆಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಮಾತನ್ನು ಯಾರು ಬೇಕಾದರೂ ಕಟ್ಟಿ ಹೇಳಬಹುದು. ಆದರೆ ನಾಲ್ಕು ಜನಕ್ಕೆ ಒಂದು ಲೋಟ ಅಕ್ಕಿ ಹಾಕುವವನು ಇನ್ನೊಬ್ಬರಿಗೆ ಒಂದು ದಿನವೂ ಅನ್ನ ಬೇಯಿಸಿಲ್ಲ. ಇಷ್ಟು ವರ್ಷ ಅವನ ಎದುರು ಕೂತು ಉಂಡವರು ಯಾರೂ ಇಲ್ಲ. ಅವಳಿಗೆ ಅವನ ಮೇಲೆ ತಡೆಯಲಾರದ ಪ್ರೀತಿ ಬಂತು.

"ನಂಗೆ ಹಸಿವಿಲ್ಲ, ನೀವೆಲ್ಲ ಮಾಡಿ" ಎಂದು ಅವನು ಒಳಗೆ ಹೊರಟ.

"ಅದು ಮಾತ್ರ ಸುಳ್ಳು. ಬನ್ನಿ ಇಲ್ಲಿ."

ಪಕ್ಕದ ಕುರ್ಚಿ ಎಳೆದು ಕೂರಿಸಿದಳು. ತನ್ನ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ಇನ್ನೊಂದು ಚಮಚ ಹಾಕಿದಳು.

"ನೀವಂದ್ರೆ ನಂಗೆ ತುಂಬ ಇಷ್ಟ. ಮದುವೆ ಆಗೋಣ" ಎಂದಳು.

ಅವನು ಚಮಚ ಕೆಳಗಿಟ್ಟ. "ಇನ್ನೊಂದ್ಸಲ ಹೇಳಿ" ಎಂದ.

"ಹೂಂ ಅಂದ್ಲು ಕಣಪ್ಪಾ" ಎಂದಳು ಅಜ್ಜಿ. "ಊಟ ಮಾಡು."