ರುಡಾಲ್ಫ್ ಯಾಕೆ ಬಾಯಿ ಬಿಡಲಿಲ್ಲ?

"ಓದಿ ಮುಗಿಸಿದ ತಕ್ಷಣ ಆ ಪುಸ್ತಕಾನ ಗೋಡೆಗೆ ಎಸೆದುಬಿಟ್ಟೆ ಕಣ್ರೀ!"

ಪಾವನಾಳ ಮಾತು ಮುಗಿಯುವಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಗಂಡು ದನಿ ತೂರಿ ಬಂತು.

"ಗೋಡೆಗೆ ಎಂತಾದ್ರೂ ಪೆಟ್ಟಾಯ್ತಾ ಮೇಡಂ?"

ಹಾಲ್ ತುಂಬ ನಗು! ಪಾವನಾ ಸರ್ರನೆ ತಿರುಗಿದಳು. ಬಾಗಿಲಲ್ಲಿ ಎತ್ತರದ ಯುವಕನೊಬ್ಬ ಚಪ್ಪಲಿ ಬಿಡುತ್ತಿದ್ದ. ಬಿಸಿಲಿಗೆ ಮುಖವೆಲ್ಲ ಕೆಂಪೇರಿತ್ತು. ತುಟಿಯ ಮೇಲೆ ಮಾತ್ರ ತಣ್ಣನೆಯ ನಗು.

'ಯಾರಿವನು? ಪರಿಚಯವೇ ಇಲ್ಲ, ಆಗಲೇ ಕೆಣಕೋಕೆ ಬಂದ!'

"ಬನ್ನಿ ತಿಲಕ್, ಬನ್ನಿ!" ಎಂದರು ಮನೆಯ ಯಜಮಾನರಾದ ರಾಜಗೋಪಾಲ. ಅವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕೊಲ್ಲಿ ನಾಡಿನ ಈ ಸಾಲ್ಮಿಯಾದಲ್ಲಿ, ಅವರ ಫ್ಲ್ಯಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ಕನ್ನಡ ಓದುಗರೆಲ್ಲ ಸೇರುತ್ತಿದ್ದರು. "ಇವರು ಮಹಬೂಲಾದ ಹೋಟೆಲಲ್ಲಿ ಮದುವೆ, ಪಾರ್ಟಿ ನೋಡಿಕೊಳ್ಳೋ ಬ್ಯಾಂಕ್ವೆಟ್ ಮ್ಯಾನೇಜರ್. ಉಡುಪಿ ಕಡೆಯವರು. ಪಾವನಾ ನಮ್ಮ ಮೈಸೂರು ಹುಡುಗಿ. ಜಾಬ್ರಿಯಾದ ಆಸ್ಪತ್ರೇಲಿ ಸ್ಪೀಚ್ ಥೆರಪಿಸ್ಟ್. ಸ್ಟ್ರೋಕ್ ಆದವರಿಗೆ ಮತ್ತೆ ಮಾತು ಕಲಿಸ್ತಾಳೆ."

"ಹಾಗಾದ್ರೆ ಜಾಗ್ರತೆಯಲ್ಲಿ ಮಾತಾಡ್ಬೇಕು," ಎನ್ನುತ್ತ ತಿಲಕ್ ಎದುರಿನ ಕುರ್ಚಿಯಲ್ಲಿ ಕುಳಿತ.

ಅವತ್ತಿನ ಪುಸ್ತಕ 'ಸೂರ್ಯನಿಲ್ಲದ ಬಂದರು'. ದೊಡ್ಡ ಬಹುಮಾನ ಗೆದ್ದು, ಕನ್ನಡಕ್ಕೂ ಬಂದಿದ್ದ ಕಾದಂಬರಿ. ಭೂಮಿಯ ಉತ್ತರದ ತುದಿಯಲ್ಲಿ, ಚಳಿಗಾಲವಿಡೀ ಸೂರ್ಯನೇ ಹುಟ್ಟದ ಮೀನುಗಾರರ ಊರು. ಅಲ್ಲಿಗೆ ಟೀಚರಾಗಿ ಬಂದವಳು ಗರ್ಟ್ರೂಡ್. ಅವಳನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ರುಡಾಲ್ಫ್ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಅವಳಿಗೆ ರಾಜಧಾನಿಯಲ್ಲಿ ಕೆಲಸ ಸಿಗುತ್ತದೆ. ಹಡಗು ಹೊರಡುತ್ತದೆ. ಅವನು ಹಿಮದಲ್ಲಿ ನಿಂತು ಕೈ ಬೀಸುತ್ತಾನೆ. ಅಷ್ಟೇ!

"ಹೇಡಿ ಅವನು!" ಎಂದಳು ಪಾವನಾ. "ಅಷ್ಟು ಪುಟ ಓದಿಸಿ, ಕೊನೆಗೆ ಕೈ ಬೀಸೋದಾ? ಇದಕ್ಕೆ ಬಹುಮಾನ ಬೇರೆ!"

"ನಂಗೆ ಅಳು ಬಂತು ಮಾರಾಯ್ರೆ," ಎಂದ ತಿಲಕ್. ನಗು ಮಾಯವಾಗಿತ್ತು. "ಅವನು ಹೆದರಿದ್ದಲ್ಲ. ಅವಳನ್ನು ಕಟ್ಟಿ ಹಾಕ್ಲಿಕ್ಕೆ ಅವನಿಗೆ ಮನಸ್ಸಾಗ್ಲಿಲ್ಲ. ಅದಕ್ಕಿಂತ ದೊಡ್ಡ ಪ್ರೀತಿ ಉಂಟಾ?"

"ಹೇಳದೇ ಇರೋ ಪ್ರೀತಿ ಯಾರಿಗ್ರೀ ಬೇಕು?"

"ಕೇಳ್ಲಿಕ್ಕೆ ಕಿವಿ ಬೇಕಲ್ಲ ಮೇಡಂ!"

"ಶುರುವಾಯ್ತು!" ಎಂದು ಇಂಜಿನಿಯರ್ ಮನೀಷ್ ಚಪ್ಪಾಳೆ ತಟ್ಟಿದ. ಹಾಲ್ ಎರಡು ಹೋಳಾಯಿತು. ಅರ್ಧ ಜನ ಪಾವನಾಳ ಕಡೆ, ಅರ್ಧ ತಿಲಕನ ಕಡೆ. ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು. ಒಳಗೆ ಇಪ್ಪತ್ತು ಜನ ಹಿಮದ ಊರಿನ ಇಬ್ಬರಿಗಾಗಿ ಕಿತ್ತಾಡುತ್ತಿದ್ದರು!

ವಾಟ್ಸಾಪ್ ಗ್ರೂಪಿನಲ್ಲೂ ಅದೇ ಜಗಳ. ಮುಂದಿನ ಶುಕ್ರವಾರವೂ ಅದೇ ಪುಸ್ತಕ, ಅದರ ಮುಂದಿನ ವಾರವೂ ಅದೇ!

ಹೀಗಿರುವಾಗ ಒಂದು ಸಂಜೆ ಅವಳಿಗೊಬ್ಬಳಿಗೇ ಅವನಿಂದ ಮೆಸೇಜ್ ಬಂತು.

"ಗ್ರೂಪಲ್ಲಿ ಬೇಡ, ಎಲ್ಲರಿಗೂ ಬೋರಾಗ್ತದೆ. ಬಾಕಿ ಜಗಳ ಇಲ್ಲೇ ಮಾಡುವನಾ?"

ಪಾವನಾಳಿಗೆ ನಗು ತಡೆಯಲಾಗಲಿಲ್ಲ.

ಜಗಳ ಮೆಸೇಜಿನಿಂದ ಫೋನಿಗೆ ಬಂತು. ಫೋನಿನಿಂದ ಸಮುದ್ರದ ಪಕ್ಕದ ಕರಕ್ ಚಹಾದ ಅಂಗಡಿಗೆ ಬಂತು. ಬರುಬರುತ್ತಾ ರುಡಾಲ್ಫನ ಸುದ್ದಿಯೇ ಕಡಿಮೆಯಾಯಿತು. ಅವನು ತನ್ನ ಹೋಟೆಲಿನ ಮದುವೆಗಳ ಕಥೆ ಹೇಳುತ್ತಿದ್ದ. ಸ್ಟ್ರೋಕ್ ಆಗಿ, ವಾರಗಟ್ಟಲೆ ಒದ್ದಾಡಿ ಮೊದಲ ಬಾರಿಗೆ ಹೆಂಡತಿಯ ಹೆಸರು ಹೇಳಿದ ಮುದುಕನ ಕಥೆಯನ್ನು ಅವಳು ಹೇಳಿದಾಗ ಅವನ ಕಣ್ಣು ಒದ್ದೆಯಾಗಿತ್ತು.

'ಇವನ ಹತ್ರ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ… ಇದಕ್ಕೆ ಏನಂತಾರೆ?'

ಏನಂತಾರೆ ಅನ್ನುವುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನ ಕಣ್ಣಲ್ಲೂ ಅದೇ ಇತ್ತು. ಆದರೆ ಬಾಯಲ್ಲಿ ಇರಲಿಲ್ಲ!

ಅಷ್ಟರಲ್ಲಿ ಐರ್ಲೆಂಡಿನ ಆಸ್ಪತ್ರೆಯೊಂದರಿಂದ ಮೇಲ್ ಬಂತು. ಕಳೆದ ವರ್ಷ ಅರ್ಜಿ ಹಾಕಿ ಆಸೆ ಬಿಟ್ಟಿದ್ದ ಕೆಲಸ ಸಿಕ್ಕಿತ್ತು. ಅವಳು ಎಷ್ಟೋ ವರ್ಷ ಕನಸು ಕಂಡ ಕೆಲಸ! ಭಾನುವಾರದೊಳಗೆ ಉತ್ತರ ಹೇಳಬೇಕಿತ್ತು.

ಚಹಾದ ಅಂಗಡಿಯ ಮುಂದೆ, ಅವನ ಕಾರಿನಲ್ಲಿ ಕುಳಿತು ಹೇಳಿದಳು. ಹೇಳುತ್ತ ಅವನ ಮುಖವನ್ನೇ ನೋಡಿದಳು.

ಒಂದು ಕ್ಷಣ… ಕಪ್ಪು ಹಿಡಿದಿದ್ದ ಅವನ ಕೈ ಗಾಳಿಯಲ್ಲೇ ನಿಂತಿತು.

ಆಮೇಲೆ, "ಕಂಗ್ರಾಟ್ಸ್! ಭಾರೀ ಖುಷಿ ಆಯ್ತು! ಯಾವಾಗ ಹೊರಡೋದು?"

ಪಾವನಾ ತನ್ನ ಕಪ್ಪನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟಳು.

"ಅಷ್ಟೇನಾ ತಿಲಕ್?"

"ಪಾರ್ಟಿ ನಾನು ಕೊಡ್ತೇನೆ. ನಮ್ಮ ಹೋಟೆಲಲ್ಲೇ!"

"ಏನೂ ಬೇಡ. ನನ್ನ ಮನೆಗೆ ಬಿಡಿ."

ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. 'ಇವನಿಗೆ ನಾನು ಏನೂ ಅಲ್ಲ. ಹೊತ್ತು ಕಳೆಯೋಕೆ ಒಬ್ಬಳು ಬೇಕಿತ್ತು, ಅಷ್ಟೇ…' ಎಂದುಕೊಂಡಳು ಪಾವನಾ. ಆಮೇಲೆ ಅವನ ಫೋನ್ ತೆಗೆಯಲಿಲ್ಲ. ಮೆಸೇಜ್ ನೋಡಲಿಲ್ಲ.

ಶುಕ್ರವಾರ ಬಂತು. ತಿಲಕ್ ಬಂದಿರಲಿಲ್ಲ. ಹೋಟೆಲಿನಲ್ಲಿ ದೊಡ್ಡ ನಿಶ್ಚಿತಾರ್ಥವಿದೆಯಂತೆ. "ಇವತ್ತು ಈ ಕಾದಂಬರಿಗೆ ಖಲಾಸ್! ಮುಂದಿನ ವಾರ ಬೇರೆ ಪುಸ್ತಕ," ಎಂದು ಘೋಷಿಸಿದರು ರಾಜಗೋಪಾಲ.

ಪಾವನಾ ಎದ್ದು ನಿಂತಳು. ರುಡಾಲ್ಫನನ್ನು ಅವಳು ಅವತ್ತು ಬೈದ ಹಾಗೆ ಯಾವತ್ತೂ ಬೈದಿರಲಿಲ್ಲ!

"ಅವಳು ಹಡಗಿನ ಡೆಕ್ ಮೇಲೆ ನಿಂತು ಕಾಯ್ತಾಳೆ ಸಾರ್! ಒಂದೇ ಒಂದು ಮಾತಿಗೆ! ಎದುರಿಗೆ ನಿಂತವಳ ಕಣ್ಣು ಓದೋಕೆ ಬರದವನು… ಅಂಥವನ…"

ಕಣ್ಣು ತುಂಬಿತು. ಮನೀಷ್ ತಲೆ ತಗ್ಗಿಸಿದ. ಇದು ಪುಸ್ತಕದ ಮಾತಲ್ಲ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು.

ರಾಜಗೋಪಾಲರ ಹೆಂಡತಿ ಅನಸೂಯಮ್ಮ ಬೋಂಡಾ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದರು. ಇಷ್ಟು ವಾರ ಚರ್ಚೆಯಲ್ಲಿ ಒಂದು ಮಾತೂ ಆಡದಿದ್ದವರು.

"ನಾನೂ ನಿನ್ನೆ ಓದಿ ಮುಗಿಸಿದೆ ಕಣಮ್ಮ," ಎಂದರು. "ಒಂದು ವಿಷಯ ನನಗೆ ತಿಳೀಲಿಲ್ಲ. ನೀವೆಲ್ಲ ಅವನು ಹೇಳಲಿಲ್ಲ, ಅವನು ಹೇಳಲಿಲ್ಲ ಅಂತೀರಲ್ಲ… ಆ ಹುಡುಗಿಗೇನು ಬಾಯಿರಲಿಲ್ವಾ?"

ಅನಸೂಯಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ಅವಳಿಗೂ ಅವನು ಇಷ್ಟ ತಾನೇ? ಅವಳೇ ಹೇಳಬಹುದಿತ್ತಪ್ಪ. ಹೇಳಿಬಿಟ್ಟು ಹಡಗು ಹತ್ತಿದ್ರೆ ಏನು ಗಂಟು ಹೋಗ್ತಿತ್ತು?"

ಪಾವನಾ ಅವರನ್ನೇ ನೋಡಿದಳು. ಕಾರಿನ ಕೀ ಎತ್ತಿಕೊಂಡಳು.

"ಆಂಟಿ… ನಾನು ಹೊರಟೆ!"

"ಬೋಂಡಾ ತಿನ್ಕೊಂಡು ಹೋಗೇ!"

"ಬಂದು ತಿಂತೀನಿ!"

ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಕಾರಿನ ಸ್ಟೇರಿಂಗ್ ಕೈ ಸುಡುತ್ತಿತ್ತು. 'ದಿನಾ ಬೇರೆಯವರ ಬಾಯಿಂದ ಮಾತು ಹೊರಡಿಸೋಳು ನಾನು. ನನ್ನ ಮಾತನ್ನೇ ನುಂಗಿಕೊಂಡು ಕೂತಿದ್ನಲ್ಲ! ಯಲ್ಲಾ, ನಡಿ… ಬೇಗ… ಬೇಗ…' ಸಿಗ್ನಲ್ ಕೆಂಪಾದರೆ ಅಳು ಬರುತ್ತಿತ್ತು, ಹಸಿರಾದರೆ ನಗು!

ಹೋಟೆಲಿನ ಹಾಲ್‌ನಲ್ಲಿ ಹೂವಿನ ಕಮಾನು ಏಳುತ್ತಿತ್ತು. ಕಪ್ಪು ಕೋಟಿನ ತಿಲಕ್ ಬಫೆ ಮೇಜಿನ ಹತ್ತಿರ ಯಾರಿಗೋ ಏನೋ ಹೇಳುತ್ತಿದ್ದವನು ಅವಳನ್ನು ಕಂಡು ಹಾಗೇ ನಿಂತ.

"ಪಾವನಾ! ಎಂತಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ನನಗೇ ಇಲ್ಲ," ಎಂದಳು ಏದುಸಿರು ಬಿಡುತ್ತ. "ನಂಗೆ ನೀವಂದ್ರೆ ಇಷ್ಟ ತಿಲಕ್. ತುಂಬಾ ಇಷ್ಟ. ಹೇಳದೇ ಹೋಗಬಾರದು ಅನ್ನಿಸ್ತು… ಹೇಳ್ದೆ."

ಯಾರ ಕೈಯಿಂದಲೋ ಒಂದು ಸ್ಟೀಲ್ ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ತಿಲಕ್ ತಿರುಗಿಯೂ ನೋಡಲಿಲ್ಲ.

"ಬನ್ನಿ ಇಲ್ಲಿ," ಎಂದು ಅವಳನ್ನು ಪಕ್ಕದ ಬಾಲ್ಕನಿಗೆ ಕರೆದೊಯ್ದ. ಕೆಳಗೆ ಸಮುದ್ರ ಬಿಸಿಲಿಗೆ ಥಳಥಳಿಸುತ್ತಿತ್ತು. ಅವನು ಕಂಬಿಗೆ ಒರಗಿ ನಿಂತ.

"ನನ್ನ ಅಕ್ಕ ದೀಕ್ಷಿತಾ… ಅವಳಿಗೆ ಮುಂಬೈಯಲ್ಲಿ ಒಳ್ಳೇ ಕೆಲಸ ಸಿಕ್ಕಿತ್ತು. 'ನಿನ್ನ ಬಿಟ್ಟು ಇರ್ಲಿಕ್ಕೆ ಆಗೂದಿಲ್ಲ, ಹೋಗ್ಬೇಡ' ಅಂದ್ರು ಭಾವ. ಪ್ರೀತಿಯಿಂದ್ಲೇ ಅಂದದ್ದು. ಅವಳು ಹೋಗ್ಲಿಲ್ಲ. ಇವತ್ತಿಗೂ ಆ ಸುದ್ದಿ ಬಂದ್ರೆ ಅಕ್ಕ ಎದ್ದು ಒಳಗೆ ಹೋಗ್ತಾಳೆ. ನಾನು ಯಾರಿಗೂ ಹಾಗೆ ಹೇಳ್ಬಾರ್ದು ಅಂತ ಆವತ್ತೇ ನಿಶ್ಚಯ ಮಾಡಿದ್ದೆ ಪಾವನಾ. ನೀವು ಐರ್ಲೆಂಡ್ ಅಂದಾಗ… ಬಾಯಿ ಬಿಟ್ರೆ 'ಹೋಗ್ಬೇಡಿ' ಅಂತಲೇ ಬರ್ತಿತ್ತು. ಅದಕ್ಕೇ ಪಾರ್ಟಿ, ಗೀರ್ಟಿ ಅಂತ ಎಂತೆಂತದೋ ಹೇಳಿದೆ."

ಪಾವನಾಳ ಕಣ್ಣೀರು ಕೆನ್ನೆಗಿಳಿಯಿತು. ಆದರೆ ತುಟಿಯಲ್ಲಿ ನಗು!

"ಅಯ್ಯೋ ನನ್ನಪ್ಪಾ! 'ಹೋಗಬೇಡ' ಅನ್ನೋದು ಬೇರೆ, 'ಇಷ್ಟ' ಅನ್ನೋದು ಬೇರೆ ಕಣ್ರೀ! ನಾನು ಕೇಳಬೇಕಿದ್ದಿದ್ದು ಎರಡನೇದು ಮಾತ್ರ. ಹೋಗೋದು ನಾನು ಹೋಗೇ ಹೋಗ್ತೀನಿ!"

ತಿಲಕ್ ಅವಳನ್ನೇ ದಿಟ್ಟಿಸಿದ.

"ಎಂಕ್ ಈರ್ ಪಂಡ ಮಸ್ತ್ ಇಷ್ಟ," ಎಂದ. ತನ್ನ ಮನೆಯ ತುಳುವಿನಲ್ಲಿ, ಮೆಲ್ಲಗೆ.

ಪಾವನಾಳಿಗೆ ತುಳು ಬರುತ್ತಿರಲಿಲ್ಲ. ಆದರೂ ಒಂದಕ್ಷರದ ಅರ್ಥವನ್ನೂ ಹೇಳಿಕೊಡಬೇಕಾಗಲಿಲ್ಲ.

"ಇವತ್ತೇ ಒಪ್ಪಿಗೆ ಬರ್ದು ಕಳಿಸಿ," ಎಂದ ಅವನು, ಅವಳ ಎರಡೂ ಕೈ ಹಿಡಿದು. "ನಂಗೆ ಆರು ತಿಂಗಳು ಕೊಡಿ. ಅಲ್ಲಿಯೂ ಮದುವೆ ಆಗ್ತದೆ, ಊಟ ಬಡಿಸುವವರು ಬೇಕೇ ಬೇಕು. ನಾನು ಕೆಲಸ ಹುಡ್ಕಿ ಬರ್ತೇನೆ. ಮೊದಲು ಮೈಸೂರಿಗೆ ಬಂದು ನಿಮ್ಮ ಅಪ್ಪ-ಅಮ್ಮನ ಹತ್ರ ಮಾತಾಡ್ತೇನೆ."

"ಅಮ್ಮ ಕೇಳೋದು ಒಂದೇ ಪ್ರಶ್ನೆ. ಹೋಟೆಲ್‌ನವರು ಅಂತೀಯಲ್ಲ, ಅವರಿಗೆ ಅಡುಗೆ ಬರತ್ತಾ ಅಂತ."

"ಅಡಿಗೆ ಬರೂದಿಲ್ಲ," ಎಂದ ತಿಲಕ್ ತಪ್ಪೊಪ್ಪಿಕೊಳ್ಳುವವನಂತೆ. "ಬಡಿಸ್ಲಿಕ್ಕೆ ಮಾತ್ರ ಬರೂದು."

ಪಾವನಾ ಅವನ ಕೋಟಿಗೆ ಹಣೆ ಒತ್ತಿ ನಕ್ಕಳು.

"ಅಷ್ಟು ಸಾಕು… ಪಕ್ಕದಲ್ಲಿ ಕೂತು ಬಡಿಸು, ಸಾಕು."

"ಬಡಿಸು ಅಂದ್ರಾ? ಬಡಿಸಿ ಅಲ್ವಾ?"

"ಉಹೂಂ… ಬಡಿಸು."