ವೈಶಾಖದ ಕಂಬಳಿ

"ಅದನ್ನ ಚೆಲ್ಲಬ್ಯಾಡ್ರಿ!"

ಸತ್ಯಮ್ಮ ಬಾಗಿಲಿನಿಂದ ಕೂಗುವಷ್ಟರಲ್ಲಿ ಗಡಿಗೆ ಬೋರಲಾಗಿತ್ತು. ಎರಡು ದಿನ ಕೂತು ಮಾಡಿದ ಗಂಜಿ ಮೈಲೂರಿನ ಮಣ್ಣಿನಲ್ಲಿ ಇಳಿಜಾರು ಹುಡುಕಿಕೊಂಡು ನಿಧಾನವಾಗಿ ಹರಿಯತೊಡಗಿತು.

ಗಡಿಗೆ ಹಿಡಿದು ನಿಂತವನು ಬಿಳಿ ಅಂಗಿ ತೊಟ್ಟಿದ್ದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಅದನ್ನು ಕೆಳಗಿಳಿಸಿ ಅವಳನ್ನು ನೋಡಿದ.

"ಹಳಸಿ ನಾತ ಹೊಡಿಲಾಕತ್ತಿತ್ತು..." ಎಂದ.

"ಹಳಸಿಲ್ರಿ. ಅದರ ವಾಸನಿನೇ ಹಂಗ." ಸತ್ಯಮ್ಮನ ಮೂಗಿನ ತುದಿ ಕೆಂಪಾಗಿತ್ತು. "ಹುಣಚಿ ಬೀಜದ ಗಂಜಿ ಅದು. ಕಂಬಳಿ ನೂಲಿಗೆ ಬಳಿಯೋದು. ನಾಳಿ ನಮ್ಮಪ್ಪ ಮಗ್ಗಕ್ಕ ನೂಲು ಏರಿಸೋರಿದ್ರು. ಏನು ಬಳೀಬೇಕು ಈಗ? ನಿಮ್ಮ ಅಂಗಿ ಇಸ್ತ್ರಿ ಗಂಜಿ?"

ಬಾಗಿಲ ಬಳಿ ಉಣ್ಣೆ ತೂಗುತ್ತಿದ್ದ ಮುದುಕ ನಬೀಸಾಬ ತಕ್ಕಡಿ ಬಿಟ್ಟು ನಕ್ಕುಬಿಟ್ಟ. ನಗದೆ ಏನು ಮಾಡಿಯಾನು? ಕಂಬಳಿ ಕಲಿಸುವ ಕೇಂದ್ರಕ್ಕೆ ಹೊಸದಾಗಿ ಬಂದ ಮಗ್ಗದ ಮಾಸ್ತರನೇ ಕಂಬಳಿಯ ಗಂಜಿಯನ್ನು ಚೆಲ್ಲಿ ಕೂತಿದ್ದ.

ಮಾಸ್ತರನ ಹೆಸರು ಧೊಂಡಿಬಾ. ಔರಾದ ಕಡೆಯ ಕುರುಬರ ಹುಡುಗ. ಚಿಕ್ಕಂದಿನಲ್ಲೇ ಹೈದರಾಬಾದಿನ ಮಾವನ ಮನೆ ಸೇರಿ, ಅಲ್ಲಿ ಯಂತ್ರದ ಕೆಲಸ ಕಲಿತವನು. ಮಗ್ಗದ ಮೊಳೆ ಮೊಳೆಯೂ ಅವನಿಗೆ ಗೊತ್ತು. ಕುರಿ ಮಾತ್ರ ಗೊತ್ತಿಲ್ಲ.

ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಐದು ವರ್ಷ ಕಳೆದಿತ್ತು. ಬೀದರ ಪಕ್ಕದ ಮೈಲೂರಿನ ಹಳೆಯ ಕುದುರೆ ಲಾಯವೊಂದನ್ನು ಹೈದರಾಬಾದ್ ಸರ್ಕಾರ ಸುಣ್ಣ ಬಳಿಸಿ ಉಣ್ಣೆ ತರಬೇತಿ ಕೇಂದ್ರ ಮಾಡಿತ್ತು. ಡೆನ್ಮಾರ್ಕ್ ಎಂಬ ದೂರದ ದೇಶದ ನೇಯ್ಗೆ ಶಾಲೆಯೊಂದು ಅಗಲವಾದ ಹೊಸ ಮಗ್ಗಗಳನ್ನೂ, ಕಾರೆನ್ ಎಂಬ ಶಿಕ್ಷಕಿಯನ್ನೂ ಕಳಿಸಿಕೊಟ್ಟಿತ್ತು. ಎತ್ತರದ, ಬಿಸಿಲಿಗೆ ಟೊಮ್ಯಾಟೊ ಬಣ್ಣಕ್ಕೆ ತಿರುಗುವ ಆ ಹೆಂಗಸನ್ನು ಎಲ್ಲರೂ ಕಾರೆನ್‌ಬಾಯಿ ಎಂದೇ ಕರೆಯುತ್ತಿದ್ದರು. ಅವಳ ಇಂಗ್ಲಿಷನ್ನು ಧೊಂಡಿಬಾ ಕನ್ನಡಕ್ಕೆ ಇಳಿಸುತ್ತಿದ್ದ. ಹಲಬರ್ಗಾದ ಮಡೆಪ್ಪ ಹಳೆಯ ಕೈಕಸುಬು ತೋರಿಸಲು, ಅವನ ಮಗಳು ಸತ್ಯಮ್ಮ ನೂಲಲು, ದಿನಾ ಬೆಳಗಿನ ರೈಲಿಗೆ ಬರುತ್ತಿದ್ದರು.

ಮರುದಿನ ಧೊಂಡಿಬಾ ಒಂದು ಚೀಲ ಹುಣಸೆ ಬೀಜ ತಂದು ಸತ್ಯಮ್ಮನ ಮುಂದಿಟ್ಟ.

ಅವಳು ಚೀಲ ನೋಡಿದಳು, ಒರಳು ತೋರಿಸಿದಳು. ಅಷ್ಟೇ! ಮಾಸ್ತರ ಅಂಗಿಯ ತೋಳು ಮಡಿಚಿ ಮಧ್ಯಾಹ್ನದವರೆಗೆ ಕುಟ್ಟಿದ. ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ. ಊಟದ ಹೊತ್ತಿಗೆ ಸತ್ಯಮ್ಮ ತನ್ನ ಬುತ್ತಿಯಿಂದ ಒಂದು ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿ ಇಟ್ಟು ಅವನ ಕಡೆ ಸರಿಸಿದಳು. ತಾನು ಬೇರೆ ಕಡೆ ತಿರುಗಿ ಕೂತಳು.

'ಬೊಬ್ಬಿ ಎದ್ದಾವು ಪಾಪ...' ಎಂದು ಅವಳ ಮನಸ್ಸು ಕನಿಕರಿಸಿತು. 'ಏಳಲಿ! ಗಡಿಗಿ ಚೆಲ್ಲಿದಾಗ ಎಲ್ಲಿ ಹೋಗಿತ್ತು ಬುದ್ಧಿ?' ಎಂದು ತಾನೇ ಗದರಿಕೊಂಡಳು.

ಆದರೆ ಬುತ್ತಿಯಲ್ಲಿ ಅಂದಿನಿಂದ ದಿನಾ ಒಂದು ರೊಟ್ಟಿ ಹೆಚ್ಚಿಗೆ ಬರತೊಡಗಿತು.

ಮಳೆಗಾಲ ಹೋಯಿತು, ಚಳಿ ಬಂತು. ಅವಳ ನೂಲು ಎಲ್ಲೂ ದಪ್ಪ ತೆಳು ಆಗದೆ ಒಂದೇ ಸಮ ಬರುವುದನ್ನು ಧೊಂಡಿಬಾ ಬೆರಳಲ್ಲಿ ಹಿಡಿದು ಹಿಡಿದು ನೋಡುತ್ತಿದ್ದ. ಇದನ್ನು ಯಂತ್ರವೂ ಮಾಡಲಾರದು ಎಂದು ಕಾರೆನ್‌ಬಾಯಿಗೆ ಹೇಳುತ್ತಿದ್ದ. ಸತ್ಯಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಅವನ ದನಿಯಲ್ಲಿ ತನ್ನ ಹೆಸರು ಬಂದಾಗ ರಾಟೆ ತಾನಾಗಿ ನಿಂತುಬಿಡುತ್ತಿತ್ತು.

ಈಗ ಆ ಮನೆಯ ಒಂದು ಪದ್ಧತಿ ಹೇಳಲೇಬೇಕು.

ಮಡೆಪ್ಪನ ಮನೆತನದಲ್ಲಿ ಹೆಣ್ಣುಮಗಳು ತಾನೇ ನೂತ ನೂಲಿನ ಕಂಬಳಿಯನ್ನು ಪರಗಂಡಸಿಗೆ ಕೊಟ್ಟಳೆಂದರೆ, ಮದುವೆಯ ಮಾತು ಕೊಟ್ಟಳೆಂದೇ ಲೆಕ್ಕ. ಕೊಡುವಾಗ ಬಾಯಿ ಬಿಡಬಾರದು. ಅವನು ಒಪ್ಪಿದರೆ ಮರುದಿನ ಸಂಜೆಯ ತನಕ ಅದನ್ನು ಹೆಗಲ ಮೇಲೆ ಹೊತ್ತಿರುತ್ತಾನೆ. ಒಲ್ಲದಿದ್ದರೆ ಹೊತ್ತುಕೊಳ್ಳುವುದಿಲ್ಲ. ಆಮೇಲೆ ಯಾಕೆ ಎಂದು ಕೇಳಬಾರದು, ಮನೆಯವರೂ ಆ ಮಾತು ಎತ್ತಬಾರದು. ಮತ್ತೆ ಇನ್ನೊಬ್ಬರಿಗೆ ಕೊಡುವಂತೆಯೂ ಇಲ್ಲ. ಆ ಮಾತು ಒಂದೇ ಸಲ.

ಪುಷ್ಯ ಮಾಸದಲ್ಲಿ ಸತ್ಯಮ್ಮ ತನ್ನ ನೂಲನ್ನು ಅಪ್ಪನ ಮುಂದಿಟ್ಟಳು. ಯಾರಿಗೆ ಎಂದು ಮಡೆಪ್ಪ ಕೇಳಲಿಲ್ಲ. ಹುಡುಗ ನಮ್ಮ ಪೈಕಿಯವನೇ ಎಂದು ಅವನು ಎಂದೋ ವಿಚಾರಿಸಿ ಇಟ್ಟುಕೊಂಡಿದ್ದ! ಹಳೆಯ ಕುಳಿಮಗ್ಗದಲ್ಲಿ ಕೂತು, ಅಂಚಿಗೆ ಕೆಂಪು ಎಳೆ ಹಾಕಿ ನೇಯ್ದುಕೊಟ್ಟ.

ಒಂದು ಶುಕ್ರವಾರ ಬೆಳಿಗ್ಗೆ ಸತ್ಯಮ್ಮ ಆ ಕಂಬಳಿಯನ್ನು ಧೊಂಡಿಬಾನ ಮೇಜಿನ ಮೇಲಿಟ್ಟಳು. ಅವನು ತಲೆ ಎತ್ತಿದ. ಅವಳ ಕಣ್ಣು ನೆಲ ನೋಡುತ್ತಿತ್ತು. ಒಂದು ಮಾತೂ ಆಡದೆ ಹೊರಗೆ ಹೋದಳು.

ಶನಿವಾರ ಅವನ ಹೆಗಲ ಮೇಲೆ ಕಂಬಳಿ ಇರಲಿಲ್ಲ.

ಅಂಗಳದಲ್ಲಿ ಅವನು ಸುತ್ತಿಗೆ ಹಿಡಿದು ಒಂದು ಮರದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಹಲಗೆಗಳ ಸಂದಿಯಲ್ಲಿ ಒಂದು ಕೆಂಪು ಅಂಚು ಇಣುಕಿತು. ಸತ್ಯಮ್ಮ ಅಲ್ಲೇ ನಿಂತುಬಿಟ್ಟಳು.

"ನಿಮ್ಮ ಕಂಬಳಿ ಡೆನ್ಮಾರ್ಕಿಗೆ ಹೊಂಟದ್ರಿ ಸತ್ಯಮ್ಮ," ಎಂದ ಧೊಂಡಿಬಾ. ಅವನ ಮುಖ ತುಂಬ ಸಂತೋಷ. "ಎಲ್ಲಾ ಸಾಮಾನಿನಾಗ ಅದೇ ಛಲೋ ಅದ."

ಅವನ ಎಣಿಕೆಯೇ ಬೇರೆ ಇತ್ತು. ಹೆಂಗಸರಿಗೂ ಒಂದು ತರಗತಿ ತೆರೆಯಬೇಕೆಂದು ಕಾರೆನ್‌ಬಾಯಿ ತನ್ನ ಊರಿನ ಶಾಲೆಗೆ ಬರೆದಿದ್ದಳು. ಅವರ ಕೈಕೆಲಸದ ಮಾದರಿ ಕಳಿಸಿ ಎಂದು ಉತ್ತರ ಬಂದಿತ್ತು. ಶನಿವಾರದೊಳಗೆ ನಿಮ್ಮ ನಿಮ್ಮ ಒಳ್ಳೆಯ ಕೆಲಸ ತಂದುಕೊಡಿ ಎಂದು ಅದೇ ವಾರ ಎಲ್ಲ ಹೆಂಗಸರಿಗೂ ಹೇಳಿದ್ದಳು. ಸತ್ಯಮ್ಮ ತಂದಿಟ್ಟದ್ದು ಅದನ್ನೇ ಎಂದು ಧೊಂಡಿಬಾ ತಿಳಿದ. ಔರಾದ ಕಡೆ ಇಂಥ ಪದ್ಧತಿಯೇ ಇರಲಿಲ್ಲ.

ಇದ್ಯಾವುದೂ ಸತ್ಯಮ್ಮನ ತಲೆಗೆ ಹೊಳೆಯಲಿಲ್ಲ. ಕೊಟ್ಟ ಮಾತಿಗೆ ಮೊಳೆ ಹೊಡೆದು ಸಮುದ್ರದಾಚೆ ಕಳಿಸುತ್ತಿದ್ದಾನೆ... ಅವಳಿಗೆ ಕಂಡದ್ದು ಅಷ್ಟೇ. ಕೇಳುವಂತೆಯೂ ಇಲ್ಲ.

"ಛಲೋ ಆತ್ರಿ," ಎಂದಳು.

ಅಂದು ಸಂಜೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹಲಬರ್ಗಾ ಬರುವವರೆಗೂ ಅತ್ತಳು. ಎದುರು ಕೂತ ಮಡೆಪ್ಪ ಮಗಳ ತಲೆಯ ಮೇಲೆ ಸೆರಗು ಸರಿಮಾಡಿದ.

ಮತ್ತೆ ಅವಳು ಮೈಲೂರಿಗೆ ಬರಲಿಲ್ಲ. ಮಡೆಪ್ಪನೂ ಬರಲಿಲ್ಲ. ನೂಲುವ ಕೆಲಸಕ್ಕೆ ಅವಳ ಸೋದರತ್ತೆ ಅಂಜನಾಬಾಯಿ ಬರತೊಡಗಿದಳು.

ಧೊಂಡಿಬಾನಿಗೆ ದಿಕ್ಕೇ ತೋಚದಂತಾಯಿತು. ಅಂಜನಾಬಾಯಿಯನ್ನು ಕೇಳಿದರೆ ಮುಖ ತಿರುಗಿಸುತ್ತಿದ್ದಳು. ಒಂದು ಭಾನುವಾರ ಹಲಬರ್ಗಾಕ್ಕೇ ಹೋದ. ಮಡೆಪ್ಪ ನೀರು ಕೊಟ್ಟ, ಬೆಲ್ಲ ಕೊಟ್ಟ, ಮಾತು ಕೊಡಲಿಲ್ಲ. ಒಳಗೆ ರಾಟೆಯ ಸದ್ದು ಕೇಳುತ್ತಿತ್ತು. ಅವನ ದನಿ ಕೇಳಿದೊಡನೆ ಅದು ನಿಂತಿತು, ಮತ್ತೆ ತಿರುಗಲಿಲ್ಲ. ಒಳಗಿದ್ದವಳು ಕಂಬಕ್ಕೆ ಒರಗಿ, ಅವನು ಎದ್ದು ಹೋಗುವವರೆಗೂ ಕೂತಿದ್ದಳು.

ಮಾಘದಲ್ಲಿ ಸಾಯಗಾಂವದಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಕುರಿ ಹಿಂಡು ದೊಡ್ಡದು. ತಾನು ಕೊಟ್ಟದ್ದು ಕೊಟ್ಟಾಗಿದೆ, ಇನ್ನೊಂದು ಕಂಬಳಿ ನೂಲುವುದಿಲ್ಲ ಎಂದಳು ಸತ್ಯಮ್ಮ. ಮಡೆಪ್ಪ ಬಂದವರಿಗೆ ಊಟ ಹಾಕಿ ಕೈಮುಗಿದು ಕಳಿಸಿದ. ಮಗಳು ಹೀಗೆಯೇ ಉಳಿದುಬಿಡುತ್ತಾಳೆಂಬುದು ಅವನಿಗೆ ಅಂದು ಖಾತ್ರಿಯಾಯಿತು.

ಸುದ್ದಿ ನಬೀಸಾಬನ ಕಿವಿಗೂ ಬಿತ್ತು. ಪೊಲೀಸ್ ಆಕ್ಷನ್ನಿನ ಆ ವಾರ ನಬೀಸಾಬನ ಮನೆಯವರನ್ನೆಲ್ಲ ಮಡೆಪ್ಪ ತನ್ನ ಕುರಿದೊಡ್ಡಿಯಲ್ಲಿ ಕಂಬಳಿ ಹೊದಿಸಿ ಕೂಡಿಸಿದ್ದ. ಮುಸಲ್ಮಾನರನ್ನು ಹುಡುಕುತ್ತ ಹೊರಗೆ ಜನ ಬಂದು ಕೇಳಿದಾಗ, ಒಳಗೆ ಕುರಿ ಬಿಟ್ಟರೆ ಯಾರೂ ಇಲ್ಲ ಎಂದು ಬಾಗಿಲಿಗೆ ಅಡ್ಡ ನಿಂತಿದ್ದ. ಅಂದಿನಿಂದ ಆ ಮನೆಯ ಪದ್ಧತಿಗಳು ನಬೀಸಾಬನಿಗೆ ಗೊತ್ತು. ಮನೆಯವರು ಆಡಬಾರದ ಮಾತನ್ನು ಹೊರಗಿನ ತಾನು ಆಡಬಹುದು ಎಂದು ಮುದುಕ ಲೆಕ್ಕ ಹಾಕಿದ.

"ಮಾಸ್ತರ ಸಾಬ್," ಎಂದ, ತಕ್ಕಡಿ ಒರೆಸುತ್ತ. "ಆ ಕೆಂಪು ಅಂಚಿನ ಕಂಬಳಿ ಯಾಕ ಹೊತ್ಕೊಳ್ಳಲಿಲ್ರಿ ನೀವು?"

"ಅದು ಮಾದರಿಗಿ ಕೊಟ್ಟಿದ್ದಲ್ಲೇನು ಚಾಚಾ?"

"ಯಾ ಅಲ್ಲಾ... ಅಕಿ ನಿಮಗ ತನ್ನನ್ನೇ ಕೊಟ್ಟಿದ್ಳು."

ನಬೀಸಾಬ ಎಲ್ಲವನ್ನೂ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಧೊಂಡಿಬಾ ಉಣ್ಣೆಯ ಮೂಟೆಯ ಮೇಲೆ ಕೂತುಬಿಟ್ಟ. ಅವಳ ನೆಲ ನೋಡುವ ಕಣ್ಣು, ಆ ಸುತ್ತಿಗೆ, ತನ್ನ ಹಲ್ಲು ಕಿರಿದ ಮುಖ... ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡ. ಅವಳಿಲ್ಲದ ಈ ದಿನಗಳಲ್ಲಿ ಊಟ ಯಾಕೆ ರುಚಿಸುತ್ತಿರಲಿಲ್ಲ ಎಂಬುದೂ ಆಗಲೇ ತಿಳಿಯಿತು.

ಕಂಬಳಿ ವಾಪಸು ಕಳಿಸಿ ಎಂದು ಅಂದೇ ಕಾರೆನ್‌ಬಾಯಿಯ ಕೈಯಲ್ಲಿ ಪತ್ರ ಬರೆಸಿದ. ಹಡಗಿನ ಟಪಾಲು ಯಾವಾಗ ತಲುಪೀತು, ಯಾವಾಗ ಉತ್ತರ ಬಂದೀತು? ಕಾಯುತ್ತ ಕೂರಲು ಅವನಿಂದಾಗಲಿಲ್ಲ. ಮರುದಿನ ಅಂಜನಾಬಾಯಿಯ ಮುಂದೆ ಹೋಗಿ ನಿಂತ.

"ಅತ್ತಿ, ನನಗ ನೂಲೋದು ಕಲಿಸ್ರಿ."

ಖಾದಿಯವರು ಪಟ್ಟಣದಲ್ಲಿ ಚರಖಾ ತಿರುಗಿಸುತ್ತಿದ್ದರು, ಆ ಮಾತು ಬೇರೆ. ಹಲಬರ್ಗಾ ಕಡೆ ನೇಯುವುದು ಗಂಡಸಿನ ಕೆಲಸ, ನೂಲುವುದು ಹೆಂಗಸಿನದು. ಗಂಡಸು ಉಣ್ಣೆಯ ರಾಟೆ ಮುಟ್ಟಿದ್ದನ್ನು ಅಂಜನಾಬಾಯಿ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಯಾಕೆಂದು ಹೇಳಿದ ಮೇಲೆ ಕಣ್ಣೊರೆಸಿಕೊಂಡು ರಾಟೆ ಅವನ ಕಡೆ ತಿರುಗಿಸಿದಳು.

ಮೊದಲ ವಾರ ಎಳೆಗಿಂತ ತುಂಡೇ ಹೆಚ್ಚು. ಮಗ್ಗ ಕಲಿಯುವ ಹುಡುಗರೆಲ್ಲ ಸಾಲಾಗಿ ನಿಂತು ನೋಡಿ ನಕ್ಕರು. ಕಾರೆನ್‌ಬಾಯಿ ಮಾತ್ರ ನಗಲಿಲ್ಲ, ಉಣ್ಣೆ ಹಿಂಜಿ ಹಿಂಜಿ ಅವನ ಪಕ್ಕದಲ್ಲಿಡುತ್ತಿದ್ದಳು. ಫಾಲ್ಗುಣ ಕಳೆಯಿತು, ಚೈತ್ರ ಕಳೆಯಿತು. ಗಂಟು ಗಂಟಾದ ಆ ನೂಲಿಗೆ ಧೊಂಡಿಬಾ ತಾನೇ ಹುಣಸೆ ಬೀಜ ಕುಟ್ಟಿ ಗಂಜಿ ಬಳಿದ. ತಾನೇ ನೇಯ್ದ. ವೈಶಾಖದ ಸುಡು ಬಿಸಿಲಿನಲ್ಲಿ ಕಂಬಳಿ ಮಗ್ಗದಿಂದ ಇಳಿಯಿತು. ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಮಗುವಿಗೂ ಸಾಲದಷ್ಟು ಚಿಕ್ಕದು.

ಆ ವಾರವೇ ಡೆನ್ಮಾರ್ಕಿನ ಪತ್ರವೂ ಬಂತು.

ಧೊಂಡಿಬಾ ಎರಡನ್ನೂ ಹಿಡಿದು ಹಲಬರ್ಗಾಕ್ಕೆ ಹೋದ. ಕಟ್ಟೆಯ ಮೇಲೆ ಕೂತು ಪತ್ರವನ್ನು ಒಳಗಿನವರಿಗೂ ಕೇಳುವಂತೆ ಓದಿ ಹೇಳಿದ. ಕಂಬಳಿ ಮರಳಿ ಕೊಡಲು ಅಲ್ಲಿಯವರಿಗೆ ಮನಸ್ಸಿಲ್ಲವಂತೆ. ಶಾಲೆಯ ಗೋಡೆಗೆ ತೂಗುಹಾಕಿದ್ದಾರಂತೆ. ಇಷ್ಟು ಸಮ ನೂಲನ್ನು ಕೈಯಲ್ಲಿ ಹೇಗೆ ನೂಲುತ್ತಾರೆಂದು ಅಲ್ಲಿಯ ಹುಡುಗಿಯರು ದಿನಾ ಮುಟ್ಟಿ ನೋಡುತ್ತಾರಂತೆ. ಹೆಂಗಸರ ತರಗತಿಗೆ ಆರು ಮಗ್ಗ ಕಳಿಸುತ್ತಾರೆ. ಒಂದೇ ಕೋರಿಕೆ, ಕಂಬಳಿಗೆ ಕಟ್ಟಿದ ಚೀಟಿಯಲ್ಲಿ ಹೆಸರಿರುವ ಹಲಬರ್ಗಾದ ಸತ್ಯಮ್ಮನವರೇ ಅದಕ್ಕೆ ಶಿಕ್ಷಕಿಯಾಗಬೇಕು. ಮುಂದಿನ ವರ್ಷ ಅಲ್ಲಿಂದ ಇಬ್ಬರು ಅವರ ಹತ್ತಿರ ಕಲಿಯಲು ಬರುತ್ತಾರೆ.

ಮಡೆಪ್ಪ ಬಾಯಿ ತೆರೆದು ಕೇಳುತ್ತಿದ್ದ. ಒಳಗೆ, ಬಾಗಿಲ ಹಿಂದೆ, ಸತ್ಯಮ್ಮನ ಕಣ್ಣು ತುಂಬಿ ಬಂದಿತ್ತು. 'ಚೀಟಿನಾಗ ನನ್ನ ಹೆಸರು ಬರೆದಿದ್ರು...' ಅವಳಿಗೆ ಅದು ಗೊತ್ತಿರಲಿಲ್ಲ.

ಆಮೇಲೆ ಧೊಂಡಿಬಾ ಕಂಬಳಿಯನ್ನು ಹೊಸ್ತಿಲ ಮೇಲಿಟ್ಟ. ಅವನ ದನಿ ಸಣ್ಣಗಾಯಿತು.

"ಆ ಕಾಗದಕ್ಕೂ ಇದಕ್ಕೂ ಸಂಬಂಧ ಇಲ್ರಿ. ಇದನ್ನ ಒಪ್ಪಲಿ ಬಿಡಲಿ, ನೌಕರಿ ಅವರದೇ. ಇದು... ನಾನೇ ನೂತಿದ್ದು."

ಮುಂದೆ ಏನೋ ಹೇಳಲು ಬಾಯಿ ತೆರೆದ. ಕೊಡುವಾಗ ಮಾತಾಡಬಾರದೆಂದು ತಟ್ಟನೆ ನೆನಪಾಗಿ, ತುಟಿ ಕಚ್ಚಿಕೊಂಡು ಎದ್ದು ಹೋದ.

ಅವನು ಮರೆಯಾದ ಮೇಲೆ ಸತ್ಯಮ್ಮ ಹೊರಗೆ ಬಂದಳು. ಕಂಬಳಿಯ ಮೇಲೆ ಬೆರಳಾಡಿಸಿದಳು. ಗಂಟು, ಮತ್ತೆ ಗಂಟು. ಎಂಥಾ ಕೆಟ್ಟ ನೂಲು! ನಗು ಬಂತು, ನಗುತ್ತಿದ್ದಂತೆ ಅಳು ಬಂತು. ಯಾವ ಗಂಡಸು ತನಗಾಗಿ ರಾಟೆಯ ಮುಂದೆ ಕೂತಾನು? ಅವನೇ ಕಂಬಳಿ ತಂದಿಟ್ಟ ಮೇಲೆ ಇನ್ನು ತಡೆಯೇನು ಎಂದು ಅಂಜನಾಬಾಯಿ ಪಕ್ಕದಲ್ಲಿ ಕೂತು, ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕತೆಯನ್ನೆಲ್ಲ ಹೇಳಿದಳು. ಮಾದರಿಯೆಂದು ತಿಳಿದು ಪೆಟ್ಟಿಗೆಗೆ ಹಾಕಿದ ಕತೆಯನ್ನೂ ಹೇಳಿದಳು.

ಮರುದಿನ ಬೆಳಿಗ್ಗೆ ಧೊಂಡಿಬಾ ಬೀದರ ಸ್ಟೇಷನ್ನಿನಲ್ಲಿ ದಿನಪತ್ರಿಕೆ ಹಿಡಿದು ನಿಂತಿದ್ದ. ನಬೀಸಾಬನೂ ಬಂದಿದ್ದ, ಉಣ್ಣೆಯ ಮೂಟೆ ಇಳಿಸಿಕೊಳ್ಳುವ ನೆವ ಹೇಳಿಕೊಂಡು. ರೈಲು ಬಂತು. ಜನ ಇಳಿದರು. ಬೆಳಗಿನ ಬಿಸಿಲಿಗೇ ಎಲ್ಲರೂ ಸೆರಗಿನಿಂದ, ರುಮಾಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವಳು ಕಾಣಲಿಲ್ಲ. ಧೊಂಡಿಬಾ ತಲೆ ತಗ್ಗಿಸಿದ.

"ಮಾಸ್ತರ ಸಾಬ್, ಕೊನಿ ಡಬ್ಬಿ ನೋಡ್ರಿ," ಎಂದ ನಬೀಸಾಬ.

ಕೊನೆಯ ಡಬ್ಬಿಯಿಂದ ಮೊದಲು ಮಡೆಪ್ಪ ಇಳಿದ. ಹಿಂದೆ ಸತ್ಯಮ್ಮ ಇಳಿದಳು. ಆ ಬೇಸಿಗೆಯಲ್ಲಿ ಅವಳ ಹೆಗಲ ಮೇಲೆ ಗಂಟು ಗಂಟಾದ ಒಂದು ಚಿಕ್ಕ ಕರಿ ಕಂಬಳಿ! ಹಣೆಯಿಂದ ಬೆವರು ಇಳಿಯುತ್ತಿತ್ತು. ಸ್ಟೇಷನ್ನಿನ ಜನವೆಲ್ಲ ಹುಬ್ಬೇರಿಸಿ ನೋಡುತ್ತಿದ್ದರು. ಅವಳು ಯಾರನ್ನೂ ನೋಡದೆ ನೇರವಾಗಿ ಅವನ ಮುಂದೆ ಬಂದು ನಿಂತಳು. ಮಡೆಪ್ಪ ನಬೀಸಾಬನ ಕೈಹಿಡಿದು ನಲ್ಲಿಯ ಕಡೆ ಕರೆದೊಯ್ದ.

"ಸೆಕಿ ಆಗಂಗಿಲ್ಲೇನು, ಸತ್ಯಾ?" ಎಂದ ಧೊಂಡಿಬಾ.

"ಆಗ್ತದ. ಅದರ ಮ್ಯಾಲ ಚುಚ್ಚತದ."

"ಹಂಗಾದ್ರ ತೆಗೀ..."

"ಸಂಜಿತನಕ ತೆಗಿಯಂಗಿಲ್ರಿ." ಅವಳು ಮೊದಲ ಸಲ ಕಣ್ಣೆತ್ತಿ ಅವನನ್ನು ನೋಡಿದಳು. "ನೀವು ಅವತ್ತು ಹೊರಲಿಲ್ಲ. ನಾ ಹೊತ್ತೀನಿ."

ಅವನು ಕೈಯಲ್ಲಿದ್ದ ದಿನಪತ್ರಿಕೆಯನ್ನು ಬೀಸಣಿಗೆಯಂತೆ ಮಡಿಚಿದ. ಮೈಲೂರಿನ ತನಕ ಅವಳ ಪಕ್ಕದಲ್ಲಿ ನಡೆಯುತ್ತ, ಅವಳಿಗೆ ಗಾಳಿ ಬೀಸುತ್ತಲೇ ಹೋದ.